ಕಾರ್ಟೆಲ್, ಟ್ರಸ್ಟ್, ಸಿಂಡಿಕೇಟ್, ಚೇಬೋಲ್: ಇವು ಒಂದೇ ಅರ್ಥದ ಪದಗಳೇ?

ಪ್ರಶ್ನೆ: ಇತಿಹಾಸಾಸಕ್ತ

ಮಾನ್ಯರೇ,

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಈಚಿನ ಕೈಗಾರಿಕಾ ಇತಿಹಾಸವನ್ನು ಓದುತ್ತಿದ್ದೇನೆ. ಮಾರುಕಟ್ಟೆಯನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಉದ್ಯಮ ಕೂಟಗಳ ಪ್ರಸ್ತಾಪ ಬಂದಾಗಲೆಲ್ಲ ಕಾರ್ಟೆಲ್, ಸಿಂಡಿಕೇಟ್, ಟ್ರಸ್ಟ್, ಕನ್ಸರ್ನ್, ಹೋಲ್ಡಿಂಗ್ ಕಂಪನಿ ಎಂಬ ಪದಗಳು ಒಂದರ ಬೆನ್ನಿಗೊಂದು ಬರುತ್ತವೆ. ಜಪಾನ್ ಮತ್ತು ದಕ್ಷಿಣ ಕೊರಿಯಾದ ಅಧ್ಯಾಯಗಳಿಗೆ ಬಂದರೆ ಜೈಬತ್ಸು, ಕೈರೆತ್ಸು, ಚೇಬೋಲ್ ಎಂಬವೂ ಸೇರಿಕೊಳ್ಳುತ್ತವೆ. ಕೆಲವು ಲೇಖಕರು ಇವೆಲ್ಲ ಒಂದೇ ಎಂಬಂತೆ ಬಳಸುತ್ತಾರೆ. ಇನ್ನು ಕೆಲವರು ಇವುಗಳ ನಡುವೆ ಸ್ಪಷ್ಟವಾದ ಗೆರೆಯಿದೆ ಎಂದುಕೊಂಡು ಬರೆಯುತ್ತಾರಾದರೂ ಆ ಗೆರೆ ಎಲ್ಲಿದೆ ಎಂಬುದನ್ನು ವಿವರಿಸುವುದಿಲ್ಲ.

ನನ್ನ ಬಳಿ ಇರುವ ಹಳೆಯ ಪಠ್ಯವೊಂದು, ಸೋವಿಯತ್ ಅರ್ಥಶಾಸ್ತ್ರದ ಪದ್ಧತಿಯನ್ನು ಅನುಸರಿಸಿ, ಇವನ್ನು ಏಣಿಯ ಮೆಟ್ಟಿಲುಗಳಾಗಿ ಜೋಡಿಸುತ್ತದೆ. ಅದರ ಪ್ರಕಾರ ಕಾರ್ಟೆಲ್‌ನಲ್ಲಿ ಕಂಪನಿಗಳು ಬೆಲೆ, ಪಾಲು ಇತ್ಯಾದಿಗಳ ಬಗ್ಗೆ ಮಾತ್ರ ಒಪ್ಪಂದ ಮಾಡಿಕೊಳ್ಳುತ್ತವೆ. ಸಿಂಡಿಕೇಟ್‌ನಲ್ಲಿ ಮಾರಾಟದ ಸ್ವಾತಂತ್ರ್ಯವನ್ನೂ, ಟ್ರಸ್ಟ್‌ನಲ್ಲಿ ಉತ್ಪಾದನೆಯ ಸ್ವಾತಂತ್ರ್ಯವನ್ನೂ ಕಳೆದುಕೊಳ್ಳುತ್ತವೆ. ಬೇರೆ ಬೇರೆ ಕೈಗಾರಿಕೆಗಳನ್ನು ಒಂದೇ ಹಣಕಾಸಿನ ಹಿಡಿತಕ್ಕೆ ತರುವ ಕನ್ಸರ್ನ್ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು. ಈ ಏಣಿಯನ್ನು ನಂಬಬಹುದೇ? ಏಕಸ್ವಾಮ್ಯ ಮತ್ತು ಅಲ್ಪಸ್ವಾಮ್ಯಗಳನ್ನು ಇದರಲ್ಲಿ ಎಲ್ಲಿ ಇಡಬೇಕು? ತಿಳಿದವರು ದಯವಿಟ್ಟು ಉದಾಹರಣೆಗಳೊಂದಿಗೆ ವಿವರಿಸಬೇಕಾಗಿ ವಿನಂತಿ.

ಉತ್ತರ: ಲೆಕ್ಕಪತ್ರ

ಏಣಿಯ ಕೆಳಗಿನ ಮೂರು ಮೆಟ್ಟಿಲುಗಳು ಪದಗಳನ್ನು ನೆನಪಿಟ್ಟುಕೊಳ್ಳಲು ನೆರವಾಗುತ್ತವೆ. ಆದರೆ ಒಂದು ಕೂಟ ಕಾರ್ಟೆಲ್ ಆಗಿ ಹುಟ್ಟಿ, ಬೆಳೆದು, ಕೊನೆಗೆ ಟ್ರಸ್ಟ್ ಆಗುತ್ತದೆ ಎಂಬ ಅರ್ಥದಲ್ಲಿ ಅದನ್ನು ಓದಿದರೆ ದಾರಿ ತಪ್ಪುತ್ತದೆ. ನಾನಾದರೆ ಮೊದಲು ಕೇಳುವ ಪ್ರಶ್ನೆ ಒಂದೇ: ಈ ಕಂಪನಿಗಳನ್ನು ಒಟ್ಟಿಗೆ ಹಿಡಿದಿಟ್ಟಿರುವುದು ಒಪ್ಪಂದವೋ, ಒಡೆತನವೋ, ಅಥವಾ ಎರಡೂ ಅಲ್ಲವೋ?

ಕಾರ್ಟೆಲ್ ಒಪ್ಪಂದದ ಮೇಲೆ ನಿಂತಿರುವುದು. ಸದಸ್ಯರು ಪ್ರತ್ಯೇಕ ಕಂಪನಿಗಳಾಗಿಯೇ ಉಳಿಯುತ್ತಾರೆ. ಪ್ರತಿಯೊಬ್ಬರಿಗೂ ಅವರವರ ಷೇರುದಾರರು, ಅವರವರ ಲಾಭನಷ್ಟ. ಆದುದರಿಂದಲೇ ಪ್ರತಿಯೊಬ್ಬ ಸದಸ್ಯನಿಗೂ ಒಳಗೊಳಗೇ ಒಪ್ಪಂದ ಮುರಿದು ಸ್ವಲ್ಪ ಹೆಚ್ಚು ಮಾರಿಕೊಳ್ಳುವ ಆಸೆ ಇದ್ದೇ ಇರುತ್ತದೆ, ಮತ್ತು ಯಾವುದೇ ಕಾರ್ಟೆಲ್‌ನ ಶಕ್ತಿಯ ಬಹುಪಾಲು ತನ್ನ ಸದಸ್ಯರನ್ನೇ ಕಾಯುವುದರಲ್ಲಿ ಖರ್ಚಾಗುತ್ತದೆ. 1924ರ ಕೊನೆಯಲ್ಲಿ ವಿದ್ಯುತ್ ಬಲ್ಬ್ ತಯಾರಕರು ಜಿನೀವಾದಲ್ಲಿ ಕಟ್ಟಿಕೊಂಡ ಫೀಬಸ್ ಕೂಟವನ್ನು ನೋಡಿ. ಜರ್ಮನಿಯ ಓಸ್ರಾಮ್, ನೆದರ್ಲೆಂಡ್ಸಿನ ಫಿಲಿಪ್ಸ್ ಮೊದಲಾದವು ಅದರಲ್ಲಿದ್ದವು. ಅವು ಮಾರುಕಟ್ಟೆಗಳನ್ನು ಹಂಚಿಕೊಂಡದ್ದಲ್ಲದೆ, ಮನೆಬಳಕೆಯ ಬಲ್ಬು ಸುಮಾರು 1000 ಗಂಟೆಗಿಂತ ಹೆಚ್ಚು ಉರಿಯಬಾರದು ಎಂಬ ನಿಯಮವನ್ನೂ ಮಾಡಿಕೊಂಡವು. ಸದಸ್ಯರು ತಮ್ಮ ಬಲ್ಬುಗಳ ಮಾದರಿಯನ್ನು ಸ್ವಿಟ್ಜರ್ಲೆಂಡಿನ ಪ್ರಯೋಗಾಲಯಕ್ಕೆ ಕಳುಹಿಸಬೇಕಿತ್ತು. ಬಲ್ಬು ನಿಗದಿಗಿಂತ ಹೆಚ್ಚು ಕಾಲ ಬಾಳಿದರೆ ತಯಾರಕನಿಗೆ ದಂಡ ಬೀಳುತ್ತಿತ್ತು. ಚೆನ್ನಾಗಿ ತಯಾರಿಸಿದ್ದಕ್ಕೆ ದಂಡ ತೆರುವ ಈ ವಿಚಿತ್ರವೇ ಅಲ್ಲಿದ್ದದ್ದು ಒಡೆತನವಲ್ಲ, ಒಪ್ಪಂದ ಎಂಬುದಕ್ಕೆ ಸಾಕ್ಷಿ. ಒಬ್ಬನೇ ಒಡೆಯನಿದ್ದರೆ ಒಂದು ಆಜ್ಞೆ ಸಾಕಾಗುತ್ತಿತ್ತು.

ಟ್ರಸ್ಟ್‌ನಲ್ಲಿ ಆಗುವುದು ಹಾಗೆ. ದತ್ತಿ ಸಂಸ್ಥೆಗಳಿಂದ ನಮಗೆ ಪರಿಚಿತವಾದ ಕಾನೂನು ಉಪಾಯವನ್ನೇ, ಅಂದರೆ ಒಬ್ಬರ ಆಸ್ತಿಯನ್ನು ವಿಶ್ವಸ್ತರು ತಮ್ಮ ಹೆಸರಿನಲ್ಲಿ ಹಿಡಿದು ನಿರ್ವಹಿಸುವುದನ್ನೇ, ಅಮೆರಿಕದ ಉದ್ಯಮಿಗಳು ಕಂಪನಿಗಳ ಷೇರುಗಳಿಗೆ ಅನ್ವಯಿಸಿದರು. 1882ರ ಒಪ್ಪಂದದಂತೆ ಸ್ಟ್ಯಾಂಡರ್ಡ್ ಆಯಿಲ್ ಬಳಗದ ಸುಮಾರು 40 ಕಂಪನಿಗಳ ಷೇರುಗಳನ್ನು 9 ಮಂದಿ ವಿಶ್ವಸ್ತರ ವಶಕ್ಕೆ ಕೊಡಲಾಯಿತು. ಷೇರುದಾರರಿಗೆ ಬದಲಾಗಿ ಟ್ರಸ್ಟ್ ಪ್ರಮಾಣಪತ್ರಗಳು ಸಿಕ್ಕವು. ಲಾಭಾಂಶ ಮೊದಲಿನಂತೆಯೇ ಷೇರುದಾರರಿಗೆ ಬರುತ್ತಿತ್ತು, ಮತ ಹಾಕುವ ಅಧಿಕಾರ ಮಾತ್ರ ಆ 9 ಮಂದಿಯಲ್ಲಿ ಸೇರಿಹೋಯಿತು. ಯಾವ ಶುದ್ಧೀಕರಣ ಘಟಕ ನಡೆಯಬೇಕು, ಯಾವುದನ್ನು ಮುಚ್ಚಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಿದ್ದರು. ಮುಚ್ಚಿದ ಘಟಕದ ಹಿಂದಿನ ಒಡೆಯನಿಗೆ ದೂರಲು ಕಾರಣವಿರಲಿಲ್ಲ, ಏಕೆಂದರೆ ಅವನ ಪ್ರಮಾಣಪತ್ರಕ್ಕೆ ಇಡೀ ಬಳಗದ ಲಾಭದಲ್ಲಿ ಪಾಲಿತ್ತು. ಕಾರ್ಟೆಲ್ ಇಷ್ಟು ಸುಲಭವಾಗಿ ಯಾವ ಸದಸ್ಯನ ಕಾರ್ಖಾನೆಯನ್ನೂ ಮುಚ್ಚಿಸಲಾರದು.

ಇನ್ನು ಏಕಸ್ವಾಮ್ಯ, ಅಲ್ಪಸ್ವಾಮ್ಯಗಳನ್ನು ಏಣಿಯಲ್ಲಿ ಹುಡುಕಬೇಡಿ. ಅವು ಸಂಘಟನೆಯ ಹೆಸರುಗಳಲ್ಲ, ಮಾರುಕಟ್ಟೆಯ ಸ್ಥಿತಿಯ ಹೆಸರುಗಳು. ಮಾರುವವನು ಒಬ್ಬನೇ ಇದ್ದಾನೆಯೇ, ಬೆರಳೆಣಿಕೆಯಷ್ಟು ಮಂದಿ ಇದ್ದಾರೆಯೇ ಎಂಬುದನ್ನಷ್ಟೇ ಅವು ಹೇಳುತ್ತವೆ.

ಉತ್ತರ: ಕಾನೂನು ಓದುಗ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಒಂದೇ ಬಯಕೆ, ಅಂದರೆ ಪೈಪೋಟಿಯನ್ನು ತಗ್ಗಿಸುವ ಬಯಕೆ, ಒಂದು ದೇಶದಲ್ಲಿ ಕಾರ್ಟೆಲ್ ರೂಪವನ್ನೂ ಮತ್ತೊಂದರಲ್ಲಿ ಟ್ರಸ್ಟ್ ರೂಪವನ್ನೂ ತಾಳಿದ್ದೇಕೆ ಎಂಬುದನ್ನು ಸೇರಿಸದಿದ್ದರೆ ಪದಗಳ ವ್ಯತ್ಯಾಸ ಪೂರ್ತಿ ತಿಳಿಯುವುದಿಲ್ಲ. ಅದಕ್ಕೆ ನ್ಯಾಯಾಲಯಗಳ ಕಡೆಗೆ ನೋಡಬೇಕು.

ಜರ್ಮನಿಯಲ್ಲಿ ಸ್ಯಾಕ್ಸನಿಯ ಮರದ ತಿರುಳಿನ ತಯಾರಕರು ತಮ್ಮ ಸರಕನ್ನು ಸಂಘದ ಮೂಲಕವೇ ಮಾರಬೇಕು ಎಂದು ಒಪ್ಪಂದ ಮಾಡಿಕೊಂಡಿದ್ದರು. ಸದಸ್ಯನೊಬ್ಬ ಅದನ್ನು ಮೀರಿ ನೇರವಾಗಿ ಮಾರಿದಾಗ ಸಂಘ ಅವನ ಮೇಲೆ ದಾವೆ ಹೂಡಿತು. 1897ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಇಂತಹ ಒಪ್ಪಂದ ಸಿಂಧುವಾದದ್ದು, ಮುರಿದವನು ದಂಡ ತೆರಬೇಕು ಎಂದು ತೀರ್ಪು ನೀಡಿತು. ಅಂದರೆ ಜರ್ಮನಿಯಲ್ಲಿ ಕಾರ್ಟೆಲ್ ಕತ್ತಲ ಕೋಣೆಯ ಪಿತೂರಿಯಾಗಿರಲಿಲ್ಲ. ಕಚೇರಿ, ನಿಯಮಾವಳಿ, ಲೆಕ್ಕಪತ್ರ ಎಲ್ಲವೂ ಇದ್ದ, ನ್ಯಾಯಾಲಯದ ಬೆಂಬಲ ಪಡೆಯಬಲ್ಲ ಬಹಿರಂಗ ಸಂಸ್ಥೆಯಾಗಿತ್ತು. ಇಂದಿನ ಸುದ್ದಿಗಳಲ್ಲಿ ಆ ಪದ ಅಪರಾಧವನ್ನು ಮಾತ್ರ ಸೂಚಿಸುವುದರಿಂದ ಹಳೆಯ ಪುಟಗಳನ್ನು ಓದುವಾಗ ಎಚ್ಚರ ಬೇಕು.

ಅಮೆರಿಕದಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. 1890ರ ಶರ್ಮನ್ ಕಾಯಿದೆಯ ಮೊದಲ ಕಲಮು ವ್ಯಾಪಾರವನ್ನು ನಿರ್ಬಂಧಿಸುವ ಒಪ್ಪಂದಗಳನ್ನೇ ಅಪರಾಧವೆಂದು ಸಾರಿತು. ಪ್ರತ್ಯೇಕ ಕಂಪನಿಗಳು ಕುಳಿತು ಬೆಲೆ ಮಾತಾಡಿಕೊಂಡರೆ ಜೈಲು. ಅದೇ ಕಂಪನಿಗಳು ವಿಲೀನವಾಗಿ ಒಂದೇ ಆಗಿಬಿಟ್ಟರೆ ಒಪ್ಪಂದ ಮಾಡಿಕೊಳ್ಳಲು ಇನ್ನೊಬ್ಬ ಇರುವುದೇ ಇಲ್ಲ. ಇದರ ಜೊತೆಗೆ 1889ರ ಹೊತ್ತಿಗೆ ನ್ಯೂಜೆರ್ಸಿ ರಾಜ್ಯ ಒಂದು ಕಂಪನಿ ಇನ್ನೊಂದು ಕಂಪನಿಯ ಷೇರುಗಳನ್ನು ಹೊಂದಲು ಅನುಮತಿ ಕೊಟ್ಟಿತ್ತು. 1892ರಲ್ಲಿ ಓಹಾಯೋ ರಾಜ್ಯದ ನ್ಯಾಯಾಲಯ ಸ್ಟ್ಯಾಂಡರ್ಡ್ ಆಯಿಲ್‌ನ ಟ್ರಸ್ಟ್ ಒಪ್ಪಂದದ ವಿರುದ್ಧ ತೀರ್ಪು ನೀಡಿದ ಮೇಲೆ, 1899ರಲ್ಲಿ ಆ ಬಳಗ ನ್ಯೂಜೆರ್ಸಿಯ ಹೋಲ್ಡಿಂಗ್ ಕಂಪನಿಯ, ಅಂದರೆ ಇತರ ಕಂಪನಿಗಳ ಷೇರುಗಳನ್ನು ಹಿಡಿದು ಅವನ್ನು ನಿಯಂತ್ರಿಸುವ ಕಂಪನಿಯ, ರೂಪ ತಾಳಿತು. 1911ರಲ್ಲಿ ಸರ್ವೋಚ್ಚ ನ್ಯಾಯಾಲಯ 34 ಕಂಪನಿಗಳಾಗಿ ಒಡೆದದ್ದು ಈ ಹೋಲ್ಡಿಂಗ್ ಕಂಪನಿಯನ್ನು. ಆ ವೇಳೆಗೆ ವಿಶ್ವಸ್ತರೂ ಇರಲಿಲ್ಲ, ಪ್ರಮಾಣಪತ್ರಗಳೂ ಇರಲಿಲ್ಲ. ಹೀಗೆ ಟ್ರಸ್ಟ್ ಎಂಬುದು ಕಟ್ಟುನಿಟ್ಟಿನ ಅರ್ಥದಲ್ಲಿ ಬದುಕಿದ್ದದ್ದು ಅಲ್ಪಕಾಲ. ಹೆಸರು ಮಾತ್ರ ಯಾವುದೇ ದೈತ್ಯ ಕಂಪನಿಗೆ ಅಂಟಿಕೊಂಡು, ಪೈಪೋಟಿಯನ್ನು ಕಾಯುವ ಕಾನೂನಿಗಿರುವ ಆಂಟಿಟ್ರಸ್ಟ್ ಕಾನೂನು ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿದೆ.

ಸಿಂಡಿಕೇಟ್ ವಿಷಯಕ್ಕೆ ಬರುತ್ತೇನೆ. ಅದು ಕಾರ್ಟೆಲ್‌ನದೇ ಒಂದು ಬಿಗಿಯಾದ ಬಗೆ. ಸದಸ್ಯರ ಮತ್ತು ಗಿರಾಕಿಗಳ ನಡುವೆ ಒಂದು ಸಾಮೂಹಿಕ ಮಾರಾಟ ಕಚೇರಿ ನಿಲ್ಲುತ್ತದೆ. 1893ರಲ್ಲಿ ಎಸ್ಸೆನ್ ನಗರದಲ್ಲಿ ಸ್ಥಾಪನೆಯಾದ ರೈನ್‌ಲ್ಯಾಂಡ್-ವೆಸ್ಟ್‌ಫಾಲಿಯಾ ಕಲ್ಲಿದ್ದಲು ಸಿಂಡಿಕೇಟ್ ಇದರ ಮಾದರಿ. ರೂರ್ ಪ್ರದೇಶದ ಗಣಿಗಳು ತಮ್ಮ ಕಲ್ಲಿದ್ದಲನ್ನು ಈ ಸಂಸ್ಥೆಗೆ ಕೊಡುತ್ತಿದ್ದವು, ಬೆಲೆ ಕಟ್ಟಿ ಮಾರುವುದು ಸಂಸ್ಥೆಯ ಕೆಲಸ. ಪ್ರತಿ ಗಣಿಗೂ ಒಂದು ಪಾಲು ನಿಗದಿಯಾಗಿತ್ತು. ಮೀರಿದವರು ಹಣ ಕಟ್ಟಬೇಕಿತ್ತು. ಒಂದು ಸ್ವಾರಸ್ಯವೆಂದರೆ, ಉಕ್ಕಿನ ಕಾರ್ಖಾನೆಯನ್ನು ಹೊಂದಿದ್ದ ಗಣಿಗಳು ತಮ್ಮದೇ ಕುಲುಮೆಗಳಿಗೆ ಸುರಿದುಕೊಂಡ ಕಲ್ಲಿದ್ದಲು ಈ ಪಾಲಿನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಪಾಲಿನ ಕಟ್ಟಿನಿಂದ ತಪ್ಪಿಸಿಕೊಳ್ಳಲು ಉಕ್ಕಿನವರು ಗಣಿಗಳನ್ನೂ ಗಣಿಯವರು ಉಕ್ಕಿನ ಕಾರ್ಖಾನೆಗಳನ್ನೂ ಕೂಡಿಸಿಕೊಳ್ಳಲು ಇದೊಂದು ಬಲವಾದ ಕಾರಣವಾಯಿತು. ಕಾರ್ಟೆಲ್ ತಾನೇ ಕನ್ಸರ್ನ್‌ಗಳ ಬೆಳವಣಿಗೆಗೆ ಗೊಬ್ಬರ ಹಾಕಿತು ಎನ್ನಬಹುದು. ಆದರೆ ಆಮೇಲೂ ಆ ಕನ್ಸರ್ನ್‌ಗಳು ಸಿಂಡಿಕೇಟ್‌ನ ಸದಸ್ಯರಾಗಿಯೇ ಇದ್ದವು. ನಿಮ್ಮ ಏಣಿಯಲ್ಲಿ ಒಬ್ಬನೇ ಎರಡು ಮೆಟ್ಟಿಲುಗಳ ಮೇಲೆ ಏಕಕಾಲಕ್ಕೆ ನಿಂತಿರುವ ಸ್ಥಿತಿ ಇದು.

ಕನ್ಸರ್ನ್, ಜರ್ಮನ್ ಉಚ್ಚಾರದಲ್ಲಿ ಕೊಂಟ್ಸರ್ನ್, ಅಲ್ಲಿನ ಕಾನೂನಿನಲ್ಲಿ ನಿರ್ದಿಷ್ಟ ಅರ್ಥವುಳ್ಳ ಪದ. 1965ರ ಷೇರು ಕಂಪನಿ ಕಾಯಿದೆಯ ಪ್ರಕಾರ ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕವಾದ ಕಂಪನಿಗಳು ಒಂದೇ ನಾಯಕತ್ವದ ಅಡಿಯಲ್ಲಿ ನಡೆದರೆ ಅದು ಕನ್ಸರ್ನ್. ಮಾರುಕಟ್ಟೆಯಲ್ಲಿ ಅದಕ್ಕೆ ಪ್ರಾಬಲ್ಯ ಇರಲೇಬೇಕೆಂದಿಲ್ಲ.

ಮರುಪ್ರಶ್ನೆ: ಇತಿಹಾಸಾಸಕ್ತ

ಇಬ್ಬರಿಗೂ ಕೃತಜ್ಞತೆಗಳು. ಒಂದು ಸಂದೇಹ ಉಳಿದಿದೆ. ನಾಲ್ಕೈದು ದೊಡ್ಡ ಕಂಪನಿಗಳು ಮಾತ್ರ ಇರುವ ಉದ್ಯಮದಲ್ಲಿ ಒಬ್ಬರು ಬೆಲೆ ಏರಿಸಿದ ಕೆಲವೇ ದಿನಗಳಲ್ಲಿ ಉಳಿದವರೂ ಏರಿಸುತ್ತಾರೆ. ಲಿಖಿತ ಒಪ್ಪಂದವಿಲ್ಲ, ಸಭೆ ನಡೆದ ಸುಳಿವೂ ಇಲ್ಲ. ಕೊಳ್ಳುವವನಿಗೆ ಪರಿಣಾಮ ಒಂದೇ ಆಗಿರುವಾಗ ಅಲ್ಪಸ್ವಾಮ್ಯವನ್ನೂ ಕಾರ್ಟೆಲ್ ಎಂದೇ ಕರೆದರೆ ತಪ್ಪೇನು?

ಉತ್ತರ: ಮಾರುಕಟ್ಟೆ ವೀಕ್ಷಕ

ಪರಿಣಾಮ ಒಂದೇ ಇರಬಹುದು, ಕಾರಣ ಬೇರೆ. ಕಾನೂನು ಹಿಡಿಯುವುದು ಕಾರಣವನ್ನು. ಕೆಲವೇ ಮಾರಾಟಗಾರರಿರುವಾಗ ಪ್ರತಿಯೊಬ್ಬನೂ ತನ್ನ ನಡೆಗೆ ಎದುರಾಳಿ ಏನು ಮಾಡಿಯಾನು ಎಂದು ಲೆಕ್ಕ ಹಾಕಿಯೇ ಹೆಜ್ಜೆಯಿಡುತ್ತಾನೆ. ಫ್ರೆಂಚ್ ಗಣಿತಜ್ಞ ಕೂರ್ನೋ 1838ರಷ್ಟು ಹಿಂದೆಯೇ ತೋರಿಸಿದಂತೆ, ಇಬ್ಬರು ಉತ್ಪಾದಕರು ಪರಸ್ಪರ ಒಂದು ಮಾತನ್ನೂ ಆಡದೆ, ತಂತಮ್ಮ ಲಾಭವನ್ನಷ್ಟೇ ನೋಡಿಕೊಂಡು ಉತ್ಪಾದನೆ ನಿರ್ಧರಿಸಿದರೂ, ಬೆಲೆ ಪೂರ್ಣ ಪೈಪೋಟಿಯ ಮಟ್ಟಕ್ಕಿಂತ ಮೇಲೆಯೇ ನಿಲ್ಲುತ್ತದೆ. ಆದರೆ ಅದು ಏಕಸ್ವಾಮ್ಯದ ಬೆಲೆಯವರೆಗೆ ಏರುವುದಿಲ್ಲ. ಆ ಉಳಿದ ಅಂತರವನ್ನೂ ಮಾತುಕತೆಯಿಂದ ತುಂಬಿಕೊಳ್ಳುವುದೇ ಕಾರ್ಟೆಲ್‌ನ ಉದ್ದೇಶ.

ಯುರೋಪಿನ ನ್ಯಾಯಾಲಯದ ಮುಂದೆ ಈ ಪ್ರಶ್ನೆಯೇ ಬಂದಿತ್ತು. ಕಾಗದ ತಯಾರಿಕೆಗೆ ಬೇಕಾದ ಮರದ ತಿರುಳಿನ ಮಾರಾಟಗಾರರ ಬೆಲೆಗಳು ಜೊತೆಜೊತೆಯಾಗಿ ಸಾಗುತ್ತಿದ್ದವೆಂದು ಯುರೋಪಿಯನ್ ಆಯೋಗ ದಂಡ ವಿಧಿಸಿತ್ತು. 1993ರಲ್ಲಿ ನ್ಯಾಯಾಲಯ ಆ ನಿರ್ಧಾರದ ಮುಖ್ಯ ಭಾಗವನ್ನು ತಳ್ಳಿಹಾಕಿ, ಒಳಒಪ್ಪಂದವೊಂದೇ ಸಾಧ್ಯವಾದ ವಿವರಣೆ ಆಗಿದ್ದಾಗ ಮಾತ್ರ ಬೆಲೆಗಳ ಸಮಾನ ಚಲನೆಯನ್ನು ಒಪ್ಪಂದದ ಪುರಾವೆಯಾಗಿ ತೆಗೆದುಕೊಳ್ಳಬಹುದು ಎಂದಿತು. ಮೇಲೆ ಹೇಳಿದ ಸ್ಯಾಕ್ಸನಿಯ ಮೊಕದ್ದಮೆಯೂ ಮರದ ತಿರುಳಿನದ್ದೇ. ಈ ಒಂದು ಸರಕು ಕಾರ್ಟೆಲ್ ಕಾನೂನಿಗೆ ಇಷ್ಟು ದುಡಿದಿರುವುದು ತಮಾಷೆಯೇ ಸರಿ.

ನಿಜವಾದ ಕಾರ್ಟೆಲ್ ಹೇಗಿರುತ್ತದೆ ಎಂಬುದಕ್ಕೆ 1990ರ ದಶಕದ ಲೈಸೀನ್ ಪ್ರಕರಣ ನೋಡಿ. ಪಶು ಆಹಾರಕ್ಕೆ ಬೆರೆಸುವ ಈ ಅಮೈನೋ ಆಮ್ಲವನ್ನು ತಯಾರಿಸುತ್ತಿದ್ದ ಅಮೆರಿಕ, ಜಪಾನ್ ಮತ್ತು ಕೊರಿಯಾದ ಐದು ಕಂಪನಿಗಳ ಅಧಿಕಾರಿಗಳು ವೃತ್ತಿಸಂಘದ ಸಭೆಯೆಂದು ತೋರಿಸಿಕೊಳ್ಳಲು ಸುಳ್ಳು ಕಾರ್ಯಸೂಚಿ ಇಟ್ಟುಕೊಂಡು ಹೋಟೆಲುಗಳಲ್ಲಿ ಸೇರುತ್ತಿದ್ದರು. ಪ್ರಪಂಚದ ಒಟ್ಟು ಮಾರಾಟವನ್ನು ಟನ್ನುಗಳ ಲೆಕ್ಕದಲ್ಲಿ ಹಂಚಿಕೊಂಡು, ವರ್ಷದ ಕೊನೆಗೆ ಪಾಲು ಮೀರಿ ಮಾರಿದವನು ಕಡಿಮೆ ಮಾರಿದವನಿಂದ ಸರಕು ಕೊಂಡು ಸರಿದೂಗಿಸಬೇಕು ಎಂದು ಮಾತಾಡಿಕೊಂಡಿದ್ದರು. ಈ ಮಾತುಗಳನ್ನು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಒಳಗಿನವನೊಬ್ಬನ ನೆರವಿನಿಂದ ರಹಸ್ಯವಾಗಿ ಧ್ವನಿಮುದ್ರಿಸಿಕೊಂಡಿತು. 1996ರಲ್ಲಿ ಆರ್ಚರ್ ಡೇನಿಯಲ್ಸ್ ಮಿಡ್‌ಲ್ಯಾಂಡ್ ಕಂಪನಿ ತಪ್ಪೊಪ್ಪಿಕೊಂಡು 10 ಕೋಟಿ ಡಾಲರ್ ದಂಡ ತೆತ್ತಿತು. ಪಾಲಿನ ಹಂಚಿಕೆ, ಲೆಕ್ಕದ ಪರಿಶೀಲನೆ, ಮೀರಿದವನಿಂದ ಪರಿಹಾರ: ಕಲ್ಲಿದ್ದಲು ಸಿಂಡಿಕೇಟ್ ಬಹಿರಂಗವಾಗಿ ಮಾಡಿದ್ದನ್ನೇ ಇವರು ಕದ್ದುಮುಚ್ಚಿ ಮಾಡಿದರು.

ಅಲ್ಪಸ್ವಾಮ್ಯವನ್ನು ಅಳೆಯುವ ಕ್ರಮವೇ ಬೇರೆ. ಪ್ರತಿ ಕಂಪನಿಯ ಮಾರುಕಟ್ಟೆ ಪಾಲನ್ನು ವರ್ಗ ಮಾಡಿ ಕೂಡಿಸಿದರೆ ಹರ್ಫಿಂಡಾಲ್-ಹರ್ಷ್‌ಮನ್ ಸೂಚ್ಯಂಕ ಬರುತ್ತದೆ. ತಲಾ ಶೇ 25ರ ಪಾಲಿನ ನಾಲ್ಕು ಕಂಪನಿಗಳಿದ್ದರೆ ಅದು 2500. ಒಬ್ಬನೇ ಇದ್ದರೆ 10,000. ಆ ನಾಲ್ವರು ರಹಸ್ಯವಾಗಿ ಕೈಜೋಡಿಸಿ ಒಬ್ಬನಂತೆಯೇ ವರ್ತಿಸುತ್ತಿದ್ದರೂ ಸೂಚ್ಯಂಕ 2500 ಎಂದೇ ತೋರಿಸುತ್ತದೆ. ಕಾರ್ಟೆಲ್ ಈ ಅಳತೆಗೆ ಸಿಗುವುದಿಲ್ಲ.

ಉತ್ತರ: ಪೂರ್ವದಿಕ್ಕು

ಜಪಾನ್ ಮತ್ತು ಕೊರಿಯಾದ ಪದಗಳ ಬಗ್ಗೆ ಯಾರೂ ಬರೆಯದ ಕಾರಣ ಈ ಉತ್ತರ.

ಜೈಬತ್ಸು ಮತ್ತು ಚೇಬೋಲ್ ಎರಡನ್ನೂ ಬರೆಯುವುದು ಒಂದೇ ಚೀನೀ ಲಿಪಿಚಿಹ್ನೆಗಳಿಂದ, ಆದರೂ ಅವು ಒಂದೇ ಬಗೆಯ ಸಂಸ್ಥೆಗಳಲ್ಲ. ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಮಿತ್ಸುಯಿ, ಮಿತ್ಸುಬಿಷಿ, ಸುಮಿಟೊಮೊ, ಯಾಸುದಾ ಎಂಬ ನಾಲ್ಕು ಪ್ರಮುಖ ಜೈಬತ್ಸುಗಳಲ್ಲಿ ತುದಿಯಲ್ಲಿ ಒಂದು ಕುಟುಂಬ, ಅದರ ಕೈಯಲ್ಲಿ ಒಂದು ಹೋಲ್ಡಿಂಗ್ ಕಂಪನಿ, ಅದರ ಕೆಳಗೆ ಗಣಿ, ಹಡಗು, ವ್ಯಾಪಾರ, ವಿಮೆ ಇತ್ಯಾದಿ ಕಂಪನಿಗಳು, ಮತ್ತು ಬಳಗದೊಳಗೇ ಒಂದು ಬ್ಯಾಂಕು. ಯುದ್ಧಾನಂತರ ಮಿತ್ರರಾಷ್ಟ್ರಗಳ ಆಡಳಿತ ಕುಟುಂಬಗಳ ಷೇರುಗಳನ್ನು ಕಿತ್ತು ಮಾರಿಸಿತು. 1947ರ ಏಕಸ್ವಾಮ್ಯ ವಿರೋಧಿ ಕಾಯಿದೆ ಹೋಲ್ಡಿಂಗ್ ಕಂಪನಿಗಳನ್ನೇ ನಿಷೇಧಿಸಿತು. ಆ ನಿಷೇಧ ತೆರವಾದದ್ದು 1997ರಲ್ಲಿ.

ತಲೆ ಕಡಿದ ಮೇಲೆ ಉಳಿದ ಕಂಪನಿಗಳು ಮತ್ತೆ ಹತ್ತಿರ ಬಂದಾಗ ಹುಟ್ಟಿದ್ದು ಕೈರೆತ್ಸು. ಇಲ್ಲಿ ಒಡೆಯನಿಲ್ಲ. ಬಳಗದ ಕಂಪನಿಗಳು ಒಂದರ ಷೇರುಗಳನ್ನು ಇನ್ನೊಂದು ಸ್ವಲ್ಪ ಸ್ವಲ್ಪವಾಗಿ ಹೊಂದಿರುತ್ತವೆ, ಮುಖ್ಯ ಬ್ಯಾಂಕೊಂದು ಸಾಲ ಒದಗಿಸುತ್ತದೆ, ಅಧ್ಯಕ್ಷರು ನಿಯತವಾಗಿ ಸೇರುತ್ತಾರೆ. ಮಿತ್ಸುಬಿಷಿ ಬಳಗದ ಇಂತಹ ಕೂಟಕ್ಕೆ ಶುಕ್ರವಾರದ ಸಭೆ ಎಂದೇ ಹೆಸರು. ಯಾರಿಗೂ ಯಾರನ್ನೂ ವಜಾ ಮಾಡುವ ಅಧಿಕಾರವಿಲ್ಲ. ಆದರೆ ಹೊರಗಿನವನು ಬಂದು ಬಳಗದ ಕಂಪನಿಯೊಂದನ್ನು ಷೇರುಪೇಟೆಯಲ್ಲಿ ಕೊಂಡುಕೊಳ್ಳುವುದೂ ಸುಲಭವಲ್ಲ. ಟೊಯೊಟಾ ಮತ್ತು ಅದರ ಬಿಡಿಭಾಗ ಪೂರೈಕೆದಾರರ ಸಂಬಂಧವನ್ನೂ ಕೈರೆತ್ಸು ಎನ್ನುತ್ತಾರೆ. ಅದು ಮೇಲಿನಿಂದ ಕೆಳಕ್ಕೆ ಇಳಿಯುವ ಲಂಬ ಬಗೆ. ಒಪ್ಪಂದವೋ ಒಡೆತನವೋ ಎಂಬ ಪ್ರಶ್ನೆಗೆ ಕೈರೆತ್ಸು ನೇರ ಉತ್ತರ ಕೊಡುವುದಿಲ್ಲ, ಮೊದಲ ಉತ್ತರದ ವಿಂಗಡಣೆ ತೊಡಕಾಗುವುದು ಇಲ್ಲಿಯೇ.

ಚೇಬೋಲ್‌ನಲ್ಲಿ ಕುಟುಂಬ ಇಂದಿಗೂ ತುದಿಯಲ್ಲಿದೆ. ಜೈಬತ್ಸುವಿಗಿಂತ ಅದನ್ನು ಬೇರ್ಪಡಿಸುವುದು ಬ್ಯಾಂಕಿನ ಪ್ರಶ್ನೆ. ಕೊರಿಯಾದ ಸರಕಾರ 1961ರಲ್ಲಿ ಬ್ಯಾಂಕುಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿದ್ದರಿಂದ, ಸ್ಯಾಮ್‌ಸಂಗ್, ಹ್ಯುಂಡೈ ಮೊದಲಾದವು ಬೆಳೆದದ್ದು ತಮ್ಮದೇ ಬ್ಯಾಂಕಿನ ಹಣದಿಂದಲ್ಲ; ರಫ್ತಿನ ಗುರಿ ಮುಟ್ಟಿದವರಿಗೆ ಸರಕಾರ ಕೊಡಿಸಿದ ಅಗ್ಗದ ಸಾಲದಿಂದ. ಸಾಲದ ಕೀಲಿಕೈ ರಾಜ್ಯದ ಬಳಿ ಇತ್ತು. ಇನ್ನೊಂದು ವಿಶೇಷ ಸುತ್ತು ಷೇರುದಾರಿಕೆ: ‘ಅ’ ಕಂಪನಿ ‘ಆ’ ಕಂಪನಿಯ ಷೇರುಗಳನ್ನು, ‘ಆ’ ಕಂಪನಿ ‘ಇ’ಯದನ್ನು, ‘ಇ’ ಮತ್ತೆ ‘ಅ’ ಕಂಪನಿಯದನ್ನು ಹೊಂದಿರುವಂತೆ ಹೆಣೆದರೆ, ಕುಟುಂಬ ಒಂದು ಕೊಂಡಿಯಲ್ಲಿ ಸಣ್ಣ ಪಾಲು ಹಾಕಿ ಇಡೀ ಸರಪಳಿಯನ್ನು ಆಳಬಹುದು. ಹೊಸದಾಗಿ ಇಂತಹ ಸುತ್ತು ಕಟ್ಟುವುದನ್ನು 2014ರಿಂದ ನಿಷೇಧಿಸಲಾಗಿದೆ. ಕೆಲವು ಬಳಗಗಳು ಹೋಲ್ಡಿಂಗ್ ಕಂಪನಿಯ ರೂಪಕ್ಕೆ ಬದಲಾಗಿವೆ. ದೊಡ್ಡವುಗಳ ಪೈಕಿ ಎಲ್‌ಜಿ 2003ರಲ್ಲಿಯೇ ಹಾಗೆ ಮಾಡಿತು.

ಕಾಂಗ್ಲಾಮರೇಟ್ ಪದವನ್ನು ನೀವು ಕೇಳಿಲ್ಲವಾದರೂ ಈ ಸಾಲಿನಲ್ಲಿ ಅದು ಬಂದೇ ಬರುತ್ತದೆ. ಸಂಬಂಧವಿಲ್ಲದ ಹಲವು ಉದ್ಯಮಗಳು ಒಂದೇ ಒಡೆತನದಲ್ಲಿದ್ದರೆ ಆ ಹೆಸರು. 1950ರ ಕಾನೂನು ತಿದ್ದುಪಡಿ ಅಮೆರಿಕದಲ್ಲಿ ಪ್ರತಿಸ್ಪರ್ಧಿಯನ್ನಾಗಲಿ ಪೂರೈಕೆದಾರನನ್ನಾಗಲಿ ಕೊಳ್ಳುವುದನ್ನು ಕಷ್ಟವಾಗಿಸಿದ ಬಳಿಕ, ಬೆಳೆಯಬಯಸಿದ ಕಂಪನಿಗಳು ಬೇರೆ ಕ್ಷೇತ್ರಗಳಲ್ಲಿ ಕೊಳ್ಳತೊಡಗಿದವು. ದೂರವಾಣಿ ಕ್ಷೇತ್ರದ ಐಟಿಟಿ 1960ರ ದಶಕದಲ್ಲಿ ಏವಿಸ್ ಕಾರು ಬಾಡಿಗೆ ಸಂಸ್ಥೆಯನ್ನೂ ಶೆರಟನ್ ಹೋಟೆಲುಗಳನ್ನೂ ಕೊಂಡದ್ದು ಹೀಗೆ. ಎಷ್ಟೇ ದೊಡ್ಡದಾದರೂ ಅದು ಯಾವ ಒಂದು ಮಾರುಕಟ್ಟೆಯನ್ನೂ ಆಳದೆ ಇರಬಹುದು.

ಮರುಪ್ರಶ್ನೆ: ಇತಿಹಾಸಾಸಕ್ತ

ಬಹಳ ಉಪಕಾರವಾಯಿತು. ಕೊನೆಯದಾಗಿ ಎರಡು ಹೆಸರುಗಳು: ತೈಲ ರಫ್ತು ದೇಶಗಳ ಒಪೆಕ್, ಮತ್ತು ವಜ್ರದ ಡಿ ಬಿಯರ್ಸ್. ಎರಡನ್ನೂ ಕಾರ್ಟೆಲ್ ಎಂದೇ ಬರೆಯುತ್ತಾರೆ. ಸರಿಯೇ?

ಉತ್ತರ: ಲೆಕ್ಕಪತ್ರ

ಒಪೆಕ್ ವಿಷಯದಲ್ಲಿ ಅರ್ಥಶಾಸ್ತ್ರದ ದೃಷ್ಟಿಯಿಂದ ಸರಿ, ಆದರೆ ಎರಡು ಷರತ್ತುಗಳೊಂದಿಗೆ. 1960ರಲ್ಲಿ ಬಾಗ್ದಾದ್‌ನಲ್ಲಿ ಸ್ಥಾಪನೆಯಾದರೂ ಸದಸ್ಯರಿಗೆ ಉತ್ಪಾದನೆಯ ಪಾಲನ್ನು ವಿಧ್ಯುಕ್ತವಾಗಿ ಗೊತ್ತುಪಡಿಸಿದ್ದು 1982ರಲ್ಲಿ; ಅದಕ್ಕೆ ಮೊದಲಿನ ಒಪೆಕ್‌ಗೆ ಆ ಪದ ಅಷ್ಟು ಒಪ್ಪುವುದಿಲ್ಲ. ಮತ್ತು ಸದಸ್ಯರು ಕಂಪನಿಗಳಲ್ಲ, ಸಾರ್ವಭೌಮ ರಾಷ್ಟ್ರಗಳು. ಅಮೆರಿಕದಲ್ಲಿ ಕಾರ್ಮಿಕ ಸಂಘವೊಂದು ಅದರ ಮೇಲೆ ಹೂಡಿದ ದಾವೆ 1981ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿಯೂ ಬಿದ್ದುಹೋದದ್ದು ಈ ಕಾರಣದಿಂದಲೇ.

ಡಿ ಬಿಯರ್ಸ್‌ಗೆ ಒಂದೇ ಪದ ಸಾಲದು, ಯಾವ ಕಾಲದ ಮಾತು ಎಂಬುದನ್ನು ನೋಡಿ ಬರೆಯಬೇಕು. 1888ರಲ್ಲಿ ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ಗಣಿಗಳನ್ನು ಒಂದುಗೂಡಿಸಿದ ಕಂಪನಿಯಾಗಿ ಅದು ವಿಲೀನದಿಂದ ಹುಟ್ಟಿದ, ಏಕಸ್ವಾಮ್ಯಕ್ಕೆ ಹತ್ತಿರವಾದ ಸಂಸ್ಥೆ. ಅದರ ವಜ್ರಗಳನ್ನು ಸಗಟಾಗಿ ಕೊಳ್ಳುತ್ತಿದ್ದ ಲಂಡನ್ನಿನ ವರ್ತಕರ ಕೂಟ ಸಿಂಡಿಕೇಟ್ ಎಂಬ ಹೆಸರಿನಲ್ಲೇ ಪ್ರಸಿದ್ಧವಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಬೇರೆ ದೇಶಗಳಲ್ಲಿ ಗಣಿಗಳು ತೆರೆದ ಮೇಲೆ, ಸೋವಿಯತ್ ಒಕ್ಕೂಟದ ವಜ್ರಗಳೂ ಸೇರಿದಂತೆ ಇತರರ ಸರಕನ್ನು ಒಪ್ಪಂದದ ಮೂಲಕ ತನ್ನದೇ ಮಾರಾಟ ಸಂಸ್ಥೆಗೆ ಹರಿಸಿಕೊಂಡಿತು. ಆ ಅವಧಿಗೆ ಕಾರ್ಟೆಲ್ ಎಂಬ ಮಾತು ಹೊಂದುತ್ತದೆ, ಸದಸ್ಯರಲ್ಲಿ ಒಬ್ಬನೇ ಉಳಿದವರೆಲ್ಲರ ಮಾರಾಟ ಕಚೇರಿಯೂ ಆಗಿದ್ದ ಕಾರ್ಟೆಲ್ ಎಂದು. 2000ದಲ್ಲಿ ಮಾರುಕಟ್ಟೆಯ ಸರಬರಾಜನ್ನೆಲ್ಲ ತಾನೇ ಹತೋಟಿಯಲ್ಲಿಡುವ ನೀತಿಯನ್ನು ಕೈಬಿಟ್ಟಿತು. ಅಲ್ಲಿಂದ ಈಚೆಗೆ ಅದನ್ನು ಅಲ್ಪಸ್ವಾಮ್ಯದ ಮಾರುಕಟ್ಟೆಯಲ್ಲಿರುವ ದೊಡ್ಡ ಕಂಪನಿಗಳಲ್ಲಿ ಒಂದು ಎಂದು ಬರೆದರೆ ಸಾಕು.